ಹಿಮ ಬೀಳದ ಊರಿನಲ್ಲಿ ಮಕ್ಕಳಿಗೆ ಚಳಿಯ ಪಾಠ

ಚಳಿಗಾಲದ ಚಿತ್ರ ಬಿಡಿಸಿ ಎಂದರೆ ಮಂಗಳೂರಿನ ಮಕ್ಕಳೂ ಹಿಮದ ಗೊಂಬೆಯನ್ನೇ ಬಿಡಿಸುತ್ತಾರೆ. ಅದಕ್ಕೆ ಕ್ಯಾರೆಟ್ಟಿನ ಮೂಗು, ಕೊರಳಿಗೆ ಮಫ್ಲರ್. ಹೊರಗೆ ಡಿಸೆಂಬರಿನ ಮಧ್ಯಾಹ್ನ 32 ಡಿಗ್ರಿ ಬಿಸಿಲು, ಒಳಗೆ ತಲೆಯ ಮೇಲೆ ಫ್ಯಾನು. ಈ ಮಕ್ಕಳು ಕೈಯಾರೆ ಮುಟ್ಟಿದ ಐಸ್ ಫ್ರಿಜ್ಜಿನದ್ದು, ಇಲ್ಲವೇ ಮೀನಿನ ಬುಟ್ಟಿಯದ್ದು. ಪಾಠ ಅಲ್ಲಿಂದಲೇ ಹೊರಡಬೇಕು.

ಐಸಿಗೆ ಉಪ್ಪು ಬೆರೆಸಿ ಲೋಟದ ಹೊರಮೈಯಲ್ಲಿ ಹಿಮ ಕಟ್ಟಿಸುವ ಪ್ರಯೋಗ ಬೇಸಗೆ ಶಿಬಿರಗಳಲ್ಲಿ ಕೈಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇಡೀ ಐಸ್ ತುಂಡುಗಳ ಮೇಲೆ ಒಂದು ಚಮಚ ಉಪ್ಪು ಉದುರಿಸಿ, ಐದು ನಿಮಿಷ ಕಾದು, ‘ಇಲ್ಲಿ ಹಿಮ ಕಟ್ಟಬೇಕಿತ್ತು ಮಕ್ಕಳೇ’ ಎಂದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಕಣ್ಣಿಗೆ ಕಾಣದ್ದನ್ನು ಮಗು ನಂಬಬೇಕಾಗುತ್ತದೆ. ಇದು ನನಗೆ ತುಂಬ ನೋವು ಕೊಡುವ ವಿಷಯ, ಏಕೆಂದರೆ ಸರಿಯಾಗಿ ಮಾಡಿದರೆ ಈ ಪ್ರಯೋಗ ನಮ್ಮ ಸೆಕೆಯಲ್ಲಿ ಒಮ್ಮೆಯೂ ತಪ್ಪುವುದಿಲ್ಲ.

ಪಾಠಕ್ಕೆ ಐದು ಹಂತ, ಎಲ್ಲಕ್ಕೂ ಒಂದೇ ನಿಯಮ: ಮಾಡುವ ಮೊದಲು ಏನಾಗಬಹುದೆಂದು ಮಕ್ಕಳೇ ಹೇಳಬೇಕು, ಹೇಳಿದ್ದನ್ನು ಬರೆದಿಡಬೇಕು. ಉತ್ತರ ನಿಮ್ಮ ಬಾಯಿಂದ ಮೊದಲು ಬರಬಾರದು.

ಹಂತ 1: ತೆಂಗಿನೆಣ್ಣೆ

ಎರಡು ಗಾಜಿನ ಲೋಟಗಳಲ್ಲಿ ತೆಂಗಿನೆಣ್ಣೆ ಹಾಕಿ, ಒಂದನ್ನು ಫ್ರಿಜ್ಜಿನಲ್ಲಿಡಿ. ಅದು ಬೆಳ್ಳಗೆ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿಯಲ್ಲಿ. ನೀರಿನ ಹಾಗೆ ಸೊನ್ನೆಯವರೆಗೆ ಇಳಿಯಬೇಕಾಗಿಲ್ಲ. ಗಾಣದ ಎಣ್ಣೆಯನ್ನೇ ತನ್ನಿ. ತಲೆಗೆ ಹಚ್ಚುವ ಬೆರಕೆ ಎಣ್ಣೆಗಳು ಎಷ್ಟು ಹೊತ್ತಿಟ್ಟರೂ ಅರೆಬರೆ ಗಟ್ಟಿಯಾಗಿ ಮಕ್ಕಳನ್ನು ಗೊಂದಲಕ್ಕೆ ಬೀಳಿಸುತ್ತವೆ.

ಈಗ ಗಟ್ಟಿ ಎಣ್ಣೆಯ ತುಂಡೊಂದನ್ನು ಚಮಚದಲ್ಲಿ ಕೆತ್ತಿ ದ್ರವ ಎಣ್ಣೆಗೆ ಹಾಕಿ. ಮುಳುಗುತ್ತದೆ. ಪಕ್ಕದ ಲೋಟದ ನೀರಿಗೆ ಐಸ್ ಹಾಕಿ. ತೇಲುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ನೀರು ಹಾಗಲ್ಲ, ಶೇ 9ರಷ್ಟು ಹಿಗ್ಗುತ್ತದೆ. ಚಳಿ ದೇಶಗಳ ಕೆರೆ ಮೇಲಿನಿಂದ ಹೆಪ್ಪುಗಟ್ಟುವುದು, ತಳದ 4 ಡಿಗ್ರಿ ನೀರಿನಲ್ಲಿ ಮೀನು ಬದುಕುವುದು ಐಸ್ ಹೀಗೆ ತೇಲುವುದರಿಂದ ಮತ್ತು ನೀರು 4 ಡಿಗ್ರಿಯಲ್ಲೇ ಅತಿ ಭಾರವಾಗಿ ತಳ ಸೇರುವುದರಿಂದ. ಮೀನಿನ ವಿಷಯ ಹೇಳಿದರೆ ನಮ್ಮ ಮಕ್ಕಳು ತಾವಾಗಿ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.

ಹಂತ 2: ಬೆವರುವ ಲೋಟ

ಸ್ಟೀಲ್ ಲೋಟದಲ್ಲಿ ಪುನರ್ಪುಳಿ (ಕೋಕಂ) ಶರಬತ್ತು, ಅದಕ್ಕೆ ಐಸ್. ಹೊರಗೆ ಹನಿಗಟ್ಟಿದಾಗ ‘ಲೋಟ ಸೋರುತ್ತಿದೆ’ ಎನ್ನುವ ಮಗು ಇದ್ದೇ ಇರುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಲು ಹೇಳಿ. ಶರಬತ್ತು ಕೆಂಪು, ಬಟ್ಟೆ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ನೀರು ಬಂದದ್ದು ಗಾಳಿಯಿಂದ.

ಹಂತ 3: ಉಪ್ಪು ಮತ್ತು ಐಸ್

ಕೆಡುವುದೆಲ್ಲ ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಐಸ್ ಪುಡಿಯಾಗಲೇಬೇಕು. ಹಳೆಯ ಬೈರಾಸಿನಲ್ಲಿ (ಟವೆಲಿನಲ್ಲಿ) ಕಟ್ಟಿ, ಕಲ್ಲಿನಿಂದ ಜಜ್ಜಿ, ಕಡಲೆಕಾಳಿನ ಗಾತ್ರಕ್ಕೆ ತನ್ನಿ. ದೊಡ್ಡ ತುಂಡುಗಳ ನಡುವೆ ಬರೀ ಗಾಳಿ ಇರುತ್ತದೆ, ಉಪ್ಪು ಜಾರಿ ತಳ ಸೇರುತ್ತದೆ.

ಜಜ್ಜಿದ ಐಸನ್ನು ಬೇರೆ ಪಾತ್ರೆಯಲ್ಲಿ ಹಾಕಿ, ಅದು ಒದ್ದೆಯಾಗಿ ಹೊಳೆಯುವವರೆಗೆ ಕಾಯಿರಿ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸು ತಾನೇ ಮೈನಸ್ 15 ಡಿಗ್ರಿಯ ಆಸುಪಾಸಿನಲ್ಲಿರಬಹುದು. ಹಾಗೆಯೇ ಉಪ್ಪು ಹಾಕಿದರೆ, ‘ಐಸ್ ಮೊದಲೇ ಅಷ್ಟು ತಣ್ಣಗಿತ್ತಲ್ಲ’ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿದರೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಕರಗತೊಡಗಿದ ಐಸು ಸೊನ್ನೆಯಲ್ಲಿ ನಿಲ್ಲುತ್ತದೆ. ಅಳೆದು ತೋರಿಸಿ. ಉಪ್ಪನ್ನೂ ಮುಟ್ಟಿಸಿ, ಅದು ಕೋಣೆಯಷ್ಟೇ ಬೆಚ್ಚಗಿರುತ್ತದೆ.

ತೂಕ ಮಾಡಿ: 300 ಗ್ರಾಂ ಐಸಿಗೆ 100 ಗ್ರಾಂ ಉಪ್ಪು. ಚಮಚದ ಲೆಕ್ಕ ಬೇಡ. ಉಪ್ಪು ಇಷ್ಟೊಂದು ಬೇಕೇ ಎಂದು ಕೈ ಹಿಂಜರಿಯುತ್ತದೆ, ಬೇಕು. ನಾನು ಬಳಸುವುದು ಕಲ್ಲುಪ್ಪು, ಅದನ್ನೂ ಸ್ವಲ್ಪ ಜಜ್ಜಿ. ದುಬಾರಿ ಸೈಂಧವ ಲವಣ ತಂದು ಹಾಳುಮಾಡಬೇಡಿ.

ಲೋಟ ಸ್ಟೀಲಿನದೇ ಆಗಿರಬೇಕು. ಪ್ಲಾಸ್ಟಿಕ್ ಲೋಟದ ಗೋಡೆ ಶಾಖವನ್ನು ಬೇಗ ದಾಟಿಸುವುದಿಲ್ಲ. ಹೊರಮೈಯನ್ನು ಚೆನ್ನಾಗಿ ಒರೆಸಿ ಒಣಗಿಸಿ. ಆಮೇಲೆ ಒಂದು ಪದರ ಐಸ್, ಒಂದು ಪದರ ಉಪ್ಪು ಎಂದು ಬೇಗಬೇಗ ತುಂಬಿ, ಮರದ ಸೌಟಿನ ಹಿಡಿಯಿಂದ ಕಲಕಿ. ಥರ್ಮಾಮೀಟರಿನಿಂದ ಕಲಕಬೇಡಿ, ಒಡೆಯುತ್ತದೆ. ಬರೀ ಐಸನ್ನು ಲೋಟದಲ್ಲಿ ತುಂಬಿಟ್ಟು ಮಾತಾಡುತ್ತ ನಿಂತರೆ ನಮ್ಮ ತೇವದ ಗಾಳಿಯಲ್ಲಿ ಹೊರಗೆ ಮೊದಲು ನೀರು ಕಟ್ಟುತ್ತದೆ, ಆ ನೀರೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅದು ಪಾರದರ್ಶಕವಾದ್ದರಿಂದ ‘ಏನೂ ಆಗಲಿಲ್ಲ’ ಎಂದುಕೊಳ್ಳುತ್ತಾರೆ. ಒಣ ಲೋಟದಲ್ಲಿ ಕೆಲವೇ ನಿಮಿಷಕ್ಕೆ, ಮಿಶ್ರಣ ಇರುವ ಎತ್ತರದವರೆಗೆ, ಬೆಳ್ಳಗಿನ ಹಿಮದ ಪುಡಿ ಕಟ್ಟುತ್ತದೆ. ಮಕ್ಕಳು ಉಗುರಿನಿಂದ ಕೆರೆದು ನೋಡಲಿ. ಫ್ಯಾನ್ ಆರಿಸಿ. ಎಸಿ ಕೋಣೆಯೂ ಬೇಡ, ಅಲ್ಲಿನ ಗಾಳಿಯಲ್ಲಿ ತೇವವೇ ಕಡಿಮೆ. ನಾವು ಬೈಯುವ ಕರಾವಳಿಯ ಸೆಕೆಯೇ ಇಲ್ಲಿ ಉಪಕಾರಿ.

ಮರದ ಮಣೆಯ ಮೇಲೆ ನಾಲ್ಕು ಹನಿ ನೀರು ಹಾಕಿ ಅದರ ಮೇಲೆ ಲೋಟ ಇಟ್ಟರೆ ಸ್ವಲ್ಪ ಹೊತ್ತಿಗೆ ಎರಡೂ ಅಂಟಿಕೊಳ್ಳುತ್ತವೆ. ಲೋಟ ಎತ್ತಿದರೆ ಮಣೆಯೂ ಬರುತ್ತದೆ. ಮಕ್ಕಳು ಕೂಗಿಕೊಳ್ಳುವುದು ಇಲ್ಲೇ.

ಕಾರಣವನ್ನು ಈಗ ಹೇಳಿ. ಐಸಿನ ಮೈಯಿಂದ ನೀರಿನ ಕಣಗಳು ಬಿಟ್ಟು ಹೋಗುತ್ತಲೂ ಮರಳಿ ಅಂಟಿಕೊಳ್ಳುತ್ತಲೂ ಇರುತ್ತವೆ. ನೀರಿಗೆ ಉಪ್ಪು ಸೇರಿದರೆ ಮರಳುವವು ಕಡಿಮೆಯಾಗುತ್ತವೆ, ಕರಗುವುದು ಮುಂದುವರಿಯುತ್ತದೆ. ಕರಗಲು ಶಾಖ ಬೇಕು: ಒಂದು ಗ್ರಾಂ ಐಸಿಗೆ 80 ಕ್ಯಾಲೊರಿ. ಆ ಶಾಖವನ್ನು ಅದು ಮಿಶ್ರಣದಿಂದ, ಲೋಟದಿಂದ, ಸುತ್ತಲ ಗಾಳಿಯಿಂದ ಎಳೆದುಕೊಳ್ಳುತ್ತದೆ. ಚಳಿ ಎಂಬುದು ಒಳಗಿಂದ ಹೊರಗೆ ಬಂದ ವಸ್ತುವಲ್ಲ, ಶಾಖ ಹೊರಗಿಂದ ಒಳಗೆ ಹೋಯಿತು. ಮಕ್ಕಳು ಈ ದಿಕ್ಕನ್ನು ಬಾಣದ ಗುರುತಿನಿಂದ ಬರೆದು ತೋರಿಸುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಉಪ್ಪು–ಐಸಿನ ಮಿಶ್ರಣ ಇಳಿಯಬಹುದಾದ ತಳ ಮೈನಸ್ 21 ಡಿಗ್ರಿ. ಅಡುಗೆಮನೆಯಲ್ಲಿ ಮೈನಸ್ 12, 15 ಸಿಕ್ಕಿದರೂ ಒಳ್ಳೆಯ ಕೆಲಸವೇ.

ಥರ್ಮಾಮೀಟರಿನ ಬಗ್ಗೆ ಒಂದು ಮಾತು. ಶಾಲೆಯ ಲ್ಯಾಬಿನದ್ದು ಸಾಮಾನ್ಯವಾಗಿ ಮೈನಸ್ 10ಕ್ಕೆ ಮುಗಿಯುತ್ತದೆ, ಅಡುಗೆಗೆ ಬಳಸುವ ಡಿಜಿಟಲ್ ಕಡ್ಡಿ ಇದಕ್ಕೆ ಮೇಲು. ಜ್ವರ ನೋಡುವುದು ಬೇಡವೇ ಬೇಡ. ಹಣೆಗೆ ಹಿಡಿಯುವ ‘ಗನ್’ ಹೊಳೆಯುವ ಸ್ಟೀಲಿನ ಮೇಲೆ ಸುಳ್ಳು ಹೇಳುತ್ತದೆ.

ಈ ಮಿಶ್ರಣವನ್ನು ಬರಿಗೈಯಲ್ಲಿ ಹಿಡಿಯಲು ಬಿಡಬಾರದು. ಸುಟ್ಟಂತೆ ಗಾಯವಾಗುತ್ತದೆ. ‘ಯಾರು ಹೆಚ್ಚು ಹೊತ್ತು ಹಿಡಿಯುತ್ತಾರೆ’ ಎಂಬ ಪಂದ್ಯ ಮಕ್ಕಳಲ್ಲಿ ತಾನಾಗಿ ಶುರುವಾಗುತ್ತದೆ, ಕಣ್ಣಿಟ್ಟಿರಿ.

ಮಿಕ್ಕ ಮಿಶ್ರಣದಲ್ಲಿ ಬೆಲ್ಲದ ನೀರು ತುಂಬಿದ ಸಣ್ಣ ಲೋಟ ಹೂತಿಟ್ಟರೆ ಕ್ಯಾಂಡಿಯಾಗುತ್ತದೆ, ಉಪ್ಪುನೀರು ಒಳಗೆ ಹೋಗದಿದ್ದರೆ ಸಾಕು. ಮಲ್ಪೆಯ, ಮಂಗಳೂರು ಧಕ್ಕೆಯ (ಮೀನುಗಾರಿಕೆ ಬಂದರಿನ) ದೋಣಿಗಳಿಗೆ ಐಸ್ ಗಡ್ಡೆ ಕೊಡುವ ಐಸ್ ಪ್ಲಾಂಟುಗಳಲ್ಲೂ ಉಪ್ಪುನೀರೇ ಕೆಲಸ ಮಾಡುತ್ತದೆ. ಅಮೋನಿಯಾ ಯಂತ್ರ ತೊಟ್ಟಿಯ ಉಪ್ಪುನೀರನ್ನು ಸೊನ್ನೆಗಿಂತ ಕೆಳಗೆ ಇಳಿಸುತ್ತದೆ. ಉಪ್ಪುನೀರು ಹೆಪ್ಪುಗಟ್ಟದೆ, ಅದರಲ್ಲಿ ಮುಳುಗಿಸಿದ ಡಬ್ಬಗಳ ಉಪ್ಪಿಲ್ಲದ ನೀರು ಗಡ್ಡೆಯಾಗುತ್ತದೆ. ಧಕ್ಕೆಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಜೂನ್, ಜುಲೈ ಬೇಡ. ಆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಐಸಿನ ಓಡಾಟ ಕಾಣಸಿಗದು. ಅಲ್ಲಿನ ಐಸ್ ಮೀನಿಗೆ, ಕ್ಯಾಂಡಿಗಲ್ಲ.

ಹಂತ 4: ಐಸಿಗೆ ಕಂಬಳಿ

ಒಂದೇ ಗಾತ್ರದ ಎರಡು ಐಸ್ ತುಂಡು. ಒಂದನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ, ಇನ್ನೊಂದನ್ನು ತಟ್ಟೆಯಲ್ಲಿ ಬಿಡಿ. ಯಾವುದು ಮೊದಲು ಕರಗುತ್ತದೆ? ಶಾಲಿನೊಳಗಿನದ್ದು ಎಂದು ಹೆಚ್ಚು ಕೈಗಳು ಮೇಲೇಳುತ್ತವೆ, ಶಾಲು ‘ಬಿಸಿ ಕೊಡುತ್ತದೆ’ ಎಂಬ ನಂಬಿಕೆಯಿಂದ. ಬಿಚ್ಚಿ ನೋಡಿದರೆ ಅದೇ ಉಳಿದಿರುತ್ತದೆ. ಶಾಲು ಶಾಖದ ಓಡಾಟವನ್ನು ತಡೆಯುತ್ತದೆ ಅಷ್ಟೇ, ಒಳಗೂ ಹೊರಗೂ. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಹಡಗಿನಲ್ಲಿ ಹೊರಟ 180 ಟನ್ ಐಸು ಒಣ ತೊಗಟೆಯ ಪುಡಿಯ ನಡುವೆ ನಾಲ್ಕು ತಿಂಗಳು ಸಾಗಿ ಕಲ್ಕತ್ತ ತಲುಪಿದಾಗಲೂ ಸುಮಾರು 100 ಟನ್ ಉಳಿದಿತ್ತು. ತೊಗಟೆಯ ಪುಡಿಯ ಬದಲು ಉಮಿ ಹಾಕಿ ಮನೆಯಲ್ಲೇ ಪರೀಕ್ಷಿಸಬಹುದು.

ಹಂತ 5: ಡಿಸೆಂಬರಿನ ನೆರಳು

‘ಸೂರ್ಯ ದೂರ ಹೋಗುವುದರಿಂದ ಚಳಿಗಾಲ’ ಎಂದು ದೊಡ್ಡವರೂ ಹೇಳುತ್ತಾರೆ. ನಿಜವೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ. ಭೂಮಿ ವಾಲಿಕೊಂಡಿರುವುದರಿಂದ ಆಗ ನಮಗೆ ಬೀಳುವ ಬಿಸಿಲು ಓರೆ.

ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನೆಡಿ, ನೂಲಿಗೆ ಕಲ್ಲು ಕಟ್ಟಿ ತೂಗುಬಿಟ್ಟು ನೋಡಿಕೊಳ್ಳಿ. ಡಿಸೆಂಬರ್ 22ರ ನಡುಹಗಲಿನಲ್ಲಿ ಅದರ ನೆರಳು ಸುಮಾರು 73ರಿಂದ 75 ಸೆಂಟಿಮೀಟರ್. ಏಪ್ರಿಲ್ 24ರ ಆಸುಪಾಸಿನಲ್ಲಿ ನೆರಳೇ ಇರುವುದಿಲ್ಲ. ಗಡಿಯಾರದ 12ಕ್ಕೆ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಮಂಗಳೂರು, ಉಡುಪಿಯಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಸುಮಾರು 12.30ಕ್ಕೆ.

ಬೆಂಗಳೂರಿನಲ್ಲಿ ಚಿಕ್ಕಮ್ಮನೋ ಮಾವನೋ ಇದ್ದರೆ ಅದೇ ದಿನ ಅಲ್ಲಿ 12.20ಕ್ಕೆ ಅಳೆಯಲು ಹೇಳಿ. ನೆರಳು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಎರಡೂ ಊರು ಒಂದೇ ಅಕ್ಷಾಂಶದಲ್ಲಿವೆ. ಆಮೇಲೆ ಅವರ ಮನೆಯ ತೆಂಗಿನೆಣ್ಣೆ ಬಾಟಲಿ ಹೇಗಿದೆ ಎಂದು ಮಕ್ಕಳು ಕೇಳಲಿ. ಅಲ್ಲಿ ಗಟ್ಟಿ, ನಮ್ಮಲ್ಲಿ ನೀರು. ಬಿಸಿಲಿನ ಓರೆ ಒಂದೇ ಆದರೂ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಒಂದು ಕಿಲೋಮೀಟರ್ ಏರಿದರೆ ಗಾಳಿ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಪಕ್ಕದಲ್ಲಿ ಹಗಲಿನ ಶಾಖವನ್ನು ರಾತ್ರಿಗೂ ಹಿಡಿದಿಡುವ ಕಡಲಿದೆ.