ಬ್ಯಾಟರಿ ಪಂಪು, ಯುಪಿಎಸ್: ಒಳಗಿನ ಕಪ್ಪು ಡಬ್ಬಿಯನ್ನು ಹೇಗೆ ನಿಭಾಯಿಸಬೇಕು?

ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿತ್ತೆಂದರೆ ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆ ಮನೆಮನೆಯಲ್ಲೂ ಔಷಧಿ ಹೊಡೆಯುವ ಬ್ಯಾಟರಿ ಪಂಪು ಹೊರಗೆ ಬರುತ್ತದೆ. ಟ್ಯಾಂಕಿನ ಬುಡದ ಮುಚ್ಚಳ ಬಿಚ್ಚಿದರೆ ಒಳಗೊಂದು ಕಪ್ಪು ಡಬ್ಬಿ, ಅಂದರೆ ಸೀಲ್ ಮಾಡಿದ ಸೀಸ-ಆಸಿಡ್ ಬ್ಯಾಟರಿ. ಎರಡು ತಗಡಿನ ಕಿವಿ, ಒಂದು ಕೆಂಪು ವೈರು, ಒಂದು ಕಪ್ಪು ವೈರು, ಅಷ್ಟೆ. ಇದೇ ಜಾತಿಯ ಡಬ್ಬಿ, ಕರೆಂಟು ಹೋದಾಗ ಪೇಟೆಯ ಕಂಪ್ಯೂಟರ್ ನಡೆಸುವ ಯುಪಿಎಸ್ ಒಳಗಿದೆ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿದೆ, ಬೈಕಿನ ಸೀಟಿನ ಕೆಳಗೂ ಇದೆ. ನೀರು ಹಾಕುವ ತಲೆನೋವಿಲ್ಲ ಅಂತ ಎಲ್ಲರಿಗೂ ಇಷ್ಟ. ಆದರೆ ತಲೆನೋವಿಲ್ಲ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಇಟ್ಟು, ಯಾವ ಚಾರ್ಜರ್‌ಗೆ ಬೇಕಾದರೂ ಸಿಕ್ಕಿಸುವ ವಸ್ತು ಅದಲ್ಲ.

ಮೊದಲು ಒಳಗೇನಿದೆ ನೋಡೋಣ. 12 ವೋಲ್ಟಿನ ಡಬ್ಬಿಯಲ್ಲಿ ತಲಾ 2 ವೋಲ್ಟಿನ 6 ಸೆಲ್‌ಗಳಿರುತ್ತವೆ. ಪ್ರತಿ ಸೆಲ್‌ನಲ್ಲೂ ಸೀಸದ ತಟ್ಟೆಗಳು, ಅವುಗಳ ನಡುವೆ ಗಾಜಿನ ಎಳೆಯ ತೆಳು ಹಾಸು. ಸಲ್ಫ್ಯೂರಿಕ್ ಆಸಿಡ್ ಈ ಹಾಸಿನಲ್ಲಿ ಸ್ಪಂಜಿನಲ್ಲಿ ನೀರು ನಿಂತ ಹಾಗೆ ನಿಂತಿರುತ್ತದೆ. ಅದಕ್ಕೇ ಅಲ್ಲಾಡಿಸಿದರೂ ಚೆಲ್ಲುವುದಿಲ್ಲ. ಚಾರ್ಜ್ ಆಗುವಾಗ ಹುಟ್ಟುವ ಗ್ಯಾಸು ಬಹುಪಾಲು ಒಳಗೇ ಮತ್ತೆ ನೀರಾಗುತ್ತದೆ. ಚಾರ್ಜ್ ಜಾಸ್ತಿಯಾಗಿ ಒತ್ತಡ ಏರಿದರೆ ಮೇಲಿನ ಪಟ್ಟಿಯ ಕೆಳಗಿರುವ ರಬ್ಬರ್ ಮುಚ್ಚಳಗಳು ಸ್ವಲ್ಪ ತೆರೆದು ಗ್ಯಾಸನ್ನು ಹೊರಬಿಡುತ್ತವೆ. ಹೊರಬರುವುದರಲ್ಲಿ ಹೈಡ್ರೋಜನ್ ಇರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

12 ವೋಲ್ಟ್ ತಾನೆ, ಏನಾಗುತ್ತೆ?

ಶಾಕ್ ಹೊಡೆಯುವುದಿಲ್ಲ, ನಿಜ. ಒಣಗಿದ ಕೈಯಲ್ಲಿ ಎರಡೂ ಟರ್ಮಿನಲ್ (ಆ ತಗಡಿನ ಕಿವಿ) ಹಿಡಿದರೂ ಏನೂ ಅನ್ನಿಸುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ಎರಡು ಟರ್ಮಿನಲ್ ನಡುವೆ ಸ್ಪ್ಯಾನರೋ ಬಳೆಯೋ ಅಡ್ಡ ಬಿದ್ದರೆ ಈ ಪುಟ್ಟ ಡಬ್ಬಿಯೂ ಕ್ಷಣ ಮಾತ್ರದಲ್ಲಿ ನೂರಾರು ಆಂಪಿಯರ್ ಕರೆಂಟು ಹರಿಸುತ್ತದೆ. ಲೋಹ ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಉಂಗುರ ಇದ್ದರೆ ತೆಗೆಯಲೂ ಸಮಯ ಸಿಗದೆ ಚರ್ಮ ಸುಟ್ಟುಹೋಗುತ್ತದೆ. ಹಾಗಾಗಿ ಬ್ಯಾಟರಿ ಮುಟ್ಟುವ ಮುಂಚೆ ಉಂಗುರ, ಬಳೆ, ವಾಚು, ಕೊರಳ ಸರ, ಎಲ್ಲ ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿಕೊಂಡರೆ ಇನ್ನೂ ಒಳ್ಳೆಯದು.

ನಮ್ಮಲ್ಲೊಂದು ಕೆಟ್ಟ ಚಾಳಿ ಇದೆ. ಬ್ಯಾಟರಿಯಲ್ಲಿ ಜೀವ ಇದೆಯಾ ಇಲ್ವಾ ಅಂತ ನೋಡಲು ಎರಡು ವೈರಿನ ತುದಿ ತಾಗಿಸಿ ಕಿಡಿ ಹಾರಿಸುವುದು. ಚಾರ್ಜಿನಿಂದ ಆಗತಾನೆ ತೆಗೆದ ಬ್ಯಾಟರಿಯ ಬಳಿ ಹೈಡ್ರೋಜನ್ ಇನ್ನೂ ಸುಳಿದಾಡುತ್ತಿರಬಹುದು. ಆ ಕಿಡಿಗೆ ಡಬ್ಬಿಯೇ ಒಡೆದು ಆಸಿಡ್ ಮುಖಕ್ಕೆ ಹಾರಬಹುದು. ಕಿಡಿಯಿಂದ ತಿಳಿಯುವುದಾದರೂ ಏನು? ಸತ್ತುಹೋಗುತ್ತಿರುವ ಬ್ಯಾಟರಿಯೂ ಕಿಡಿ ಕೊಡುತ್ತದೆ. ವೋಲ್ಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ಳಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದುಬಾರಿಯೇನಲ್ಲ.

ಮೀಟರ್ ಏನು ಹೇಳುತ್ತದೆ

ಚಾರ್ಜ್ ತೆಗೆದು ಕೆಲವು ಗಂಟೆ ಸುಮ್ನೆ ಬಿಟ್ಟ ಮೇಲೆ ಅಳೆಯಿರಿ. ತಕ್ಷಣ ಅಳೆದರೆ ಮೀಟರ್ ಜಾಸ್ತಿ ತೋರಿಸಿ ಮೋಸ ಮಾಡುತ್ತದೆ. 12.8ರಿಂದ 13 ವೋಲ್ಟ್ ಬಂದರೆ ಪೂರ್ತಿ ತುಂಬಿದೆ. 12.5ಕ್ಕಿಂತ ಕೆಳಗೆ ಬಂದಿದ್ದರೆ ಮತ್ತೆ ಚಾರ್ಜಿಗೆ ಹಾಕಬೇಕು. ಕೆಲಸ ಮಾಡುವಾಗ 10.5 ವೋಲ್ಟಿಗೆ ಇಳಿದರೆ ಅಲ್ಲಿಗೆ ನಿಲ್ಲಿಸಿ. ಪಂಪಿನ ಸದ್ದು ಕುಗ್ಗಿ, ನಾಝಲ್‌ನಿಂದ ಔಷಧಿ ತೊಟ್ಟಿಕ್ಕುವ ತನಕ ಓಡಿಸುವುದು ಬ್ಯಾಟರಿಗೆ ಮಾಡುವ ದೊಡ್ಡ ಅನ್ಯಾಯ.

ಇನ್ನೊಂದು ಲೆಕ್ಕ ಇದೆ, ಗಮನವಿಟ್ಟು ನೋಡಿ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಬ್ಯಾಟರಿ ಸುಮಾರು 10.5 ವೋಲ್ಟಿನಲ್ಲೇ ನಿಂತಿದ್ದರೆ, ಸಾಮಾನ್ಯವಾಗಿ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದರ್ಥ. ಚಾರ್ಜರ್‌ಗೆ ಅದು ಗೊತ್ತಾಗುವುದಿಲ್ಲ. ತನ್ನ ಪಾಡಿಗೆ 14.4 ವೋಲ್ಟ್ ಕೊಡಲು ನೋಡುತ್ತದೆ. ಆರು ಸೆಲ್‌ಗೆ ಹಂಚಿದರೆ ತಲಾ 2.4, ಸರಿಯಾದ ಲೆಕ್ಕ. ಐದಕ್ಕೆ ಹಂಚಿದರೆ ತಲಾ 2.88. ಉಳಿದ ಐದು ಸೆಲ್‌ಗಳು ಕಾಯುತ್ತವೆ, ಗ್ಯಾಸು ಬಿಡುತ್ತವೆ, ಡಬ್ಬಿ ಉಬ್ಬುತ್ತದೆ. 'ಚಾರ್ಜ್ ಹಿಡೀತಿಲ್ಲ, ಇನ್ನೊಂದು ರಾತ್ರಿ ಹಾಕೋಣ' ಎನ್ನುವ ಮಾತು ಅಪಾಯಕ್ಕೆ ದಾರಿಯಾಗುವುದು ಹೀಗೆ.

ಚಾರ್ಜಿಗೆ ಹಾಕುವ ಜಾಗ

ನನ್ನನ್ನು ಕೇಳಿದರೆ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೊಂದೇ: ಎಲ್ಲಿ ಚಾರ್ಜಿಗೆ ಹಾಕುತ್ತೀರಿ? ತೋಟದ ಮನೆಗಳಲ್ಲಿ ನೋಡಿದರೆ ತಗಡಿನ ಶೆಡ್ಡು, ಒಂದು ಮೂಲೆಯಲ್ಲಿ ಮೇವು, ಇನ್ನೊಂದು ಮೂಲೆಯಲ್ಲಿ ಡೀಸೆಲ್ ಕ್ಯಾನು, ಕೀಟನಾಶಕದ ಡಬ್ಬಗಳು, ನಡುವೆ ಚಾರ್ಜಿಗಿಟ್ಟ ಪಂಪು. ಏಪ್ರಿಲ್ ಬಿಸಿಲಿಗೆ ಆ ತಗಡಿನ ಕೆಳಗೆ ನಿಲ್ಲಲೂ ಆಗುವುದಿಲ್ಲ.

ಬಿಸಿ ಈ ಬ್ಯಾಟರಿಯ ದೊಡ್ಡ ಶತ್ರು. 25 ಡಿಗ್ರಿ ಇದಕ್ಕೆ ಹಿತ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಬ್ಯಾಟರಿ ಕಾದಷ್ಟೂ ಅದೇ ವೋಲ್ಟೇಜಿಗೆ ಜಾಸ್ತಿ ಕರೆಂಟು ಎಳೆಯುತ್ತದೆ. ಜಾಸ್ತಿ ಎಳೆದಷ್ಟೂ ಇನ್ನೂ ಕಾಯುತ್ತದೆ. ಒಮ್ಮೆ ಈ ಸುತ್ತು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ, ಸ್ವಿಚ್ ಆರಿಸಿಯೇ ನಿಲ್ಲಿಸಬೇಕು.

ಹಾಗಾಗಿ ನೆರಳಿರುವ, ಗಾಳಿಯಾಡುವ ಜಾಗ ಹುಡುಕಿ. ಪಡಸಾಲೆ ಆದೀತು, ಜಗಲಿ ಆದೀತು. ಹೈಡ್ರೋಜನ್ ಗಾಳಿಗಿಂತ ಹಗುರ, ಮೇಲಕ್ಕೆ ಏರಿ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಕಿಟಕಿ ತೆರೆದಿರಬೇಕು, ಮೇಲುಗಡೆ ಗವಾಕ್ಷಿ ಇದ್ದರೆ ಚೆನ್ನ. ಬೀರುವಿನೊಳಗೆ, ಮಂಚದ ಕೆಳಗೆ, ಗೋಣಿಚೀಲ ಮುಚ್ಚಿ ಚಾರ್ಜಿಗೆ ಹಾಕಬೇಡಿ. ದೇವರ ದೀಪ, ಒಲೆ, ಬೀಡಿ, ಯಾವುದೂ ಹತ್ತಿರ ಬೇಡ. ತಲೆಕೆಳಗಾಗಿ ಇಟ್ಟು ಚಾರ್ಜ್ ಮಾಡಲೇಬಾರದು. ಮಲಗುವ ಹೊತ್ತಿಗೆ ಹಾಕಿ ಬೆಳಗ್ಗೆ ತೆಗೆಯುವ ಬದಲು, ಮನೆಯಲ್ಲಿ ಯಾರಾದರೂ ಎಚ್ಚರ ಇರುವಾಗ ಹಾಕಿ. ನಡುವೆ ಒಮ್ಮೆ ಡಬ್ಬಿಯ ಬದಿಗೆ ಕೈಯ ಹಿಂಭಾಗ ತಾಗಿಸಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಸ್ವಿಚ್ ಆರಿಸಿ.

ಸರಿಯಾದ ಚಾರ್ಜರ್ ಆಯ್ದುಕೊಳ್ಳುವುದು ಕಷ್ಟವೇನಲ್ಲ, ಎಲ್ಲ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ದಿನವೂ ಬಳಸಿ ತುಂಬಿಸುವುದಕ್ಕೆ ಸಾಮಾನ್ಯವಾಗಿ 14.4ರಿಂದ 15 ವೋಲ್ಟ್, ಯುಪಿಎಸ್‌ನಂತೆ ಸದಾ ಚಾರ್ಜಿನಲ್ಲೇ ಇರುವುದಕ್ಕೆ 13.5ರಿಂದ 13.8. ಜೊತೆಗೆ ಎಷ್ಟು ಆಂಪಿಯರ್ ಮೀರಬಾರದು ಅಂತಲೂ ಇರುತ್ತದೆ. 7 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿಗೆ ಅದು ಸುಮಾರು 2.1. ಕಾರಿನ ಬ್ಯಾಟರಿ ತುಂಬಿಸುವ ಗ್ಯಾರೇಜಿನ ದೊಡ್ಡ ಚಾರ್ಜರ್‌ಗೆ ಇದನ್ನು ಸಿಕ್ಕಿಸಿ 'ಬೇಗ ಆಗುತ್ತೆ' ಎನ್ನುವವರಿದ್ದಾರೆ. ಬೇಗ ಮುಗಿಯುವುದು ಬ್ಯಾಟರಿಯ ಕಥೆ. ಈಗ ಕೆಲವು ಪಂಪುಗಳಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿದೆ. ಪಿನ್ ಕೂರುತ್ತದೆ ಅಂತ ಅದರ ಚಾರ್ಜರ್ ಇದಕ್ಕೆ, ಇದರದ್ದು ಅದಕ್ಕೆ ಹಾಕಬೇಡಿ.

ಯುಪಿಎಸ್ ಬ್ಯಾಟರಿ ಬದಲಿಸುವುದು

ಇದನ್ನು ಮನೆಯಲ್ಲೇ ಮಾಡಬಹುದು, ಆತುರ ಇಲ್ಲದಿದ್ದರೆ.

1. ಕಂಪ್ಯೂಟರ್ ಬಂದ್ ಮಾಡಿ, ಯುಪಿಎಸ್ ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತರೂ ಒಳಗಿನ ಬ್ಯಾಟರಿಯಿಂದಲೇ ಯುಪಿಎಸ್ 230 ವೋಲ್ಟ್ ತಯಾರಿಸಬಲ್ಲದು ಎಂಬುದು ನೆನಪಿರಲಿ.

2. ಮುಚ್ಚಳ ತೆಗೆದು ವೈರುಗಳು ಹೇಗಿವೆ ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಸರ್ಕ್ಯೂಟ್ ಬೋರ್ಡ್ ಕಡೆ ಬೆರಳು ಹೋಗಬಾರದು. ಅಲ್ಲಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ.

3. ಮೊದಲು ಕಪ್ಪು ವೈರು ತೆಗೆಯಿರಿ. ವೈರು ಹಿಡಿದು ಜಗ್ಗಬೇಡಿ, ತುದಿಯ ಕನೆಕ್ಟರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಎಳೆಯಿರಿ. ತೆಗೆದ ತುದಿಗೆ ಟೇಪು ಸುತ್ತಿ, ಆಮೇಲೆ ಕೆಂಪು.

4. ಹೊಸದು ಅದೇ ವೋಲ್ಟು, ಅದೇ ಎಎಚ್, ಅದೇ ಅಳತೆಯದ್ದಿರಲಿ. ಕಿವಿಯ ಅಗಲವೂ ಎರಡು ಥರ ಬರುತ್ತದೆ, ಸುಮಾರು 4.75 ಮಿಲಿಮೀಟರ್ ಮತ್ತು 6.35. ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿದರೆ ಗೊಂದಲವೇ ಇರುವುದಿಲ್ಲ. ಕನೆಕ್ಟರ್ ಸಡಿಲವಾಗಿ ಕೂತರೆ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತದೆ.

5. ಕೂಡಿಸುವಾಗ ಮೊದಲು ಕೆಂಪು, ಕೊನೆಗೆ ಕಪ್ಪು. ಕೊನೆಯ ವೈರು ತಾಗುವಾಗ ಚಿಟ್ ಅಂತ ಒಂದು ಸಣ್ಣ ಕಿಡಿ ಬಂದರೆ ಹೆದರಬೇಡಿ, ಕೆಪಾಸಿಟರ್ ತುಂಬಿಕೊಳ್ಳುವುದು ಅದು.

ಒಂದೇ ಯುಪಿಎಸ್‌ನಲ್ಲಿ ಎರಡೋ ಮೂರೋ ಬ್ಯಾಟರಿ ಸಾಲಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳತು ಹೊಸತು ಬೆರೆತರೆ ಹೊಸದೂ ಬೇಗ ಹಾಳಾಗುತ್ತದೆ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸ್ ತಂದು ಹಾಕಿ. ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತುವ ಜಾಣತನ ಇಲ್ಲಿ ಬೇಡ.

ಉಬ್ಬಿದರೆ, ವಾಸನೆ ಬಂದರೆ

ಡಬ್ಬಿಯ ಬದಿಗಳು ನೇರವಾಗಿರಬೇಕು. ಹೊಟ್ಟೆ ಬಂದ ಹಾಗೆ ಕಂಡರೆ ಅದರ ಕಥೆ ಮುಗಿಯಿತು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ತಣ್ಣಗಾಗಲು ಬಿಡಿ. ಚುಚ್ಚಬೇಡಿ, ಒತ್ತಬೇಡಿ. ಎಷ್ಟೋ ಸಲ ಉಬ್ಬಿದ ಬ್ಯಾಟರಿ ಯುಪಿಎಸ್ ಒಳಗೇ ಸಿಕ್ಕಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಡಬ್ಬಿ ಸೀಳುತ್ತದೆ, ಇಡೀ ಯುಪಿಎಸ್ಸನ್ನೇ ರಿಪೇರಿ ಅಂಗಡಿಗೆ ಒಯ್ಯಿರಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಒಳಗೆ ಬೇಯುತ್ತಿದೆ. ಅದು ಹೈಡ್ರೋಜನ್ ಸಲ್ಫೈಡ್, ವಿಷ. ಎಲ್ಲಿಂದ ಬರುತ್ತಿದೆ ಅಂತ ಬಗ್ಗಿ ಮೂಸಿ ನೋಡಬೇಡಿ. ಕೋಣೆಯ ಹೊರಗಿನ ಮೇನ್ ಸ್ವಿಚ್ ಆರಿಸಿ, ಸುಲಭವಾದರೆ ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತನ್ನಿ. ಹೊಗೆ ಬಂದರೆ 112ಕ್ಕೆ ಫೋನ್ ಮಾಡಿ.

ಮೊಬೈಲ್ ವಿಡಿಯೊ ನೋಡಿ, ಮೇಲಿನ ಪಟ್ಟಿ ಕಿತ್ತು ಸಿರಿಂಜಿನಲ್ಲಿ ಡಿಸ್ಟಿಲ್ಡ್ ವಾಟರ್ ಬಿಡುವವರೂ ಇದ್ದಾರೆ. ಕೆಲ ದಿನ ಓಡಬಹುದು. ಆದರೆ ಒತ್ತಡ ತಡೆಯುವ ರಬ್ಬರ್ ಮುಚ್ಚಳ ಮತ್ತೆ ಸರಿಯಾಗಿ ಕೂರುವ ಖಾತ್ರಿ ಇಲ್ಲ, ಒಳಗಿನ ಆಸಿಡ್ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಬೆನ್ನಿಗೆ ಹೊತ್ತುಕೊಳ್ಳುವ ಪಂಪಿಗೆ ಈ ಪ್ರಯೋಗ ಯಾಕೆ?

ಆಸಿಡ್ ಕಣ್ಣಿಗೆ ಬಿದ್ದರೆ ಆ ಕ್ಷಣವೇ ನಲ್ಲಿಯ ಕೆಳಗೆ ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ನೀರು ಹರಿಸಿ, ಆಮೇಲೆ ನೇರ ಆಸ್ಪತ್ರೆಗೆ. ಹೊಲದಲ್ಲಿದ್ದರೆ ಬೋರಿನ ನೀರು, ಕುಡಿಯಲು ತಂದ ಕ್ಯಾನಿನ ನೀರು, ಯಾವುದಾದರೂ ಸರಿ. ಔಷಧಿ ಟ್ಯಾಂಕಿನ ನೀರು ಮಾತ್ರ ಬೇಡ. ಚರ್ಮಕ್ಕೆ ತಾಗಿದರೆ ಬಟ್ಟೆ ತೆಗೆದು ಧಾರಾಳವಾಗಿ ತೊಳೆಯಿರಿ. ಸುಣ್ಣ, ಅರಿಶಿನ, ಟೂತ್‌ಪೇಸ್ಟ್ ಹಚ್ಚಬೇಡಿ. ಅಡುಗೆ ಸೋಡಾ ನೆಲಕ್ಕೆ ಚೆಲ್ಲಿದ ಆಸಿಡ್‌ಗೆ ಮಾತ್ರ, ಮೈಗಲ್ಲ, ಕಣ್ಣಿಗಂತೂ ಅಲ್ಲವೇ ಅಲ್ಲ. ಟರ್ಮಿನಲ್ ಸುತ್ತ ಬೆಳೆಯುವ ಬಿಳಿ, ಹಸಿರು ಪುಡಿಯನ್ನು ಬಾಯಿಂದ ಊದದೆ, ಗ್ಲೌಸ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಸುಗ್ಗಿ ಮುಗಿದ ಮೇಲೆ

ಪಂಪನ್ನು ಅಟ್ಟಕ್ಕೆ ಹಾಕುವ ಮುಂಚೆ ಪೂರ್ತಿ ಚಾರ್ಜ್ ಮಾಡಿ, ವೈರು ಬಿಡಿಸಿಡಿ. ಖಾಲಿ ಬ್ಯಾಟರಿ ಹಾಗೇ ಬಿದ್ದಿದ್ದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಏಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಇಳಿಸಿ ಚಾರ್ಜ್ ಮಾಡಿ. ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತೆ, ಹಲಗೆ ಬೇಕು ಅಂತ ಹಿರಿಯರು ಹೇಳುವುದುಂಟು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ. ತಂಪಾದ ನೆಲ ಒಳ್ಳೆಯದೇ. ಮಕ್ಕಳ ಕೈಗೆ ಸಿಗದಿದ್ದರೆ ಸಾಕು.

ಹಳೆಯದನ್ನು ಏನು ಮಾಡುವುದು

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ. ಅದಕ್ಕೇ ಗುಜರಿಯವರಿಗೆ ಇದರ ಮೇಲೆ ಕಣ್ಣು. ಒಡೆದು ಆಸಿಡ್ ಚರಂಡಿಗೆ ಸುರಿದು, ಒಲೆಯ ಮೇಲೆ ಸೀಸ ಕರಗಿಸಿದರೆ ಆ ಹೊಗೆ, ಆ ಧೂಳು ಸುತ್ತಲಿನ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಣ್ಣಲ್ಲಿ ಆಡುವ ಮಕ್ಕಳ ಮಿದುಳಿಗೆ ಸೀಸದಿಂದ ಆಗುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಮುರಿದುಕೊಳ್ಳುವುದು ರೂಢಿ. ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿ.

ಒಯ್ಯುವಾಗ ಎರಡೂ ಟರ್ಮಿನಲ್‌ಗೆ ಟೇಪು ಸುತ್ತಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಸ್ಕೂಟರಿನ ಡಿಕ್ಕಿಯಲ್ಲಿ ಸ್ಪ್ಯಾನರ್, ಬೀಗದ ಕೈಗೊಂಚಲಿನ ಜೊತೆ ಹಾಕಿಕೊಂಡು ಹೋಗಬೇಡಿ. ಹೊಸ ಬ್ಯಾಟರಿ ಮನೆಗೆ ಬಂದ ದಿನವೇ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಿಂಗಳು, ವರ್ಷ ಬರೆದಿಡಿ. ವಾರಂಟಿ ಕೇಳುವಾಗಲೂ ಬೇಕಾಗುತ್ತದೆ.