ಐವತ್ತರ ಮೈಗೆ ಅಂಗಿ, ಪ್ಯಾಂಟು: ಹೊಲಿಯುವವನ ಅನುಭವ

ಕಲಬುರಗಿಯಲ್ಲಿ ನಲವತ್ತೈದು ದಾಟಿದ ಗಂಡಸರು ಅಳತೆ ಕೊಡುವಾಗ ಹೇಳುವ ಮಾತು ಬಹುತೇಕ ಒಂದೇ: “ಸ್ವಲ್ಪ ಸಡ್ಲ ಬಿಡ್ರಿ.” ಹೊಟ್ಟೆ ಕಾಣಬಾರದು ಅನ್ನೋದು ಅವರ ಆಸೆ. ಆದರೆ ಸಡಿಲ ಬಿಟ್ಟ ಅಂಗಿ ಹೊಟ್ಟೆ ಮುಚ್ಚುವುದಿಲ್ಲ. ಭುಜದ ಹೊಲಿಗೆ ತೋಳಿಗೆ ಇಳಿಯುತ್ತದೆ, ಕಂಕುಳಲ್ಲಿ ಬಟ್ಟೆ ಗಂಟು ಕಟ್ಟುತ್ತದೆ, ಎದೆಯೂ ಹೊಟ್ಟೆಯಷ್ಟೇ ಅಗಲ ಕಾಣುತ್ತದೆ. ಹಾಗಾಗಿ ನಾನು ಸಡಿಲ ಬಿಡುವುದು ಹೊಟ್ಟೆಯ ಜಾಗದಲ್ಲಿ ಮಾತ್ರ. ಭುಜ, ತೋಳು, ಪ್ಯಾಂಟಿನ ಕೆಳಗಿನ ಕಾಲು ಮೈಗೆ ಸರಿಯಾಗಿಯೇ ಇರಬೇಕು.

ಹೊಸದು ಹೊಲಿಸುವ ಮುಂಚೆ ಅಲಮಾರಿಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ಒಂದೊಂದಾಗಿ ಹಾಕಿ ನೋಡಬೇಕು. ನಿಂತು ನೋಡಿದರೆ ಸಾಲದು, ಕುರ್ಚಿಯ ಮೇಲೆ ಕೂತು ನೋಡಬೇಕು. ಭುಜ ಅರ್ಧ ಇಂಚಿಗಿಂತ ಹೆಚ್ಚು ದೊಡ್ಡದಿದ್ದರೆ ಆ ಅಂಗಿ ಬಿಟ್ಟುಬಿಡಿ. ಅದನ್ನು ಸರಿಮಾಡಲು ಎರಡೂ ತೋಳು ಬಿಚ್ಚಬೇಕಾಗುತ್ತದೆ, ಕೂಲಿಯೂ ದಂಡ. ಪಕ್ಕದ ಹೊಲಿಗೆ ಒಳಗೆ ತೆಗೆಯುವುದು, ಉದ್ದ ಕಡಿಮೆ ಮಾಡುವುದು, ಸವೆದ ಕಾಲರ್ ತಿರುಗಿಸಿ ಹೊಲಿಯುವುದು ಸುಲಭ. ಪ್ಯಾಂಟಿನ ಹಿಂದಿನ ಹೊಲಿಗೆಯೊಳಗೆ ಬಟ್ಟೆ ಉಳಿದಿದ್ದರೆ ಸೊಂಟ ಒಂದೂವರೆ ಇಂಚು ಬಿಡಿಸಬಹುದು.

ನಮ್ಮ ಕಡೆ ಮದುವೆ ಆಯೇರಿಯಲ್ಲಿ, ಅಂದರೆ ಉಡುಗೊರೆಯಾಗಿ ಬಂದ ಪೀಸುಗಳು ಡಬ್ಬಿ ಸಮೇತ ಇಟ್ಟಲ್ಲೇ ಇರುತ್ತವೆ. ಅವನ್ನು ಹೊಲಿಸುವ ಮುಂಚೆ ಅಂಚಿನಿಂದ ಎರಡು ದಾರ ಎಳೆದು ಕಡ್ಡಿ ಗೀರಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಉದ್ದಕ್ಕೂ ಅಡ್ಡಕ್ಕೂ ಒಂದೊಂದು ದಾರ ಸುಡಬೇಕು, ಕೆಲವು ಬಟ್ಟೆಯಲ್ಲಿ ಎರಡೂ ಬೇರೆ ಇರುತ್ತವೆ. ಪಾಲಿಯೆಸ್ಟರ್ ಪ್ಯಾಂಟ್ ಪೀಸನ್ನು ಚಳಿಗಾಲಕ್ಕೆ ಹೊಲಿಸಬಹುದು. ಅಂಗಿಗೆ ಬೇಡ.

ಕೆಲಸ ಶುರುವಾಗಬೇಕಾದದ್ದು ಪ್ಯಾಂಟಿನಿಂದ. ಗಂಡಸು ವಯಸ್ಸಿಗಿಂತ ಮುದುಕನಾಗಿ ಕಾಣಲು ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ, ಹೊಟ್ಟೆಯ ಕೆಳಗೆ ಜಾರಿ ಕೂತ ಪ್ಯಾಂಟು. ಈಗಿನ ರೆಡಿಮೇಡ್ ಪ್ಯಾಂಟುಗಳಲ್ಲಿ ಹೆಚ್ಚಿನವು ಸೊಂಟದಲ್ಲಿ ಗಿಡ್ಡ. ಅವು ಹೊಟ್ಟೆಯ ಕೆಳಗೇ ನಿಲ್ಲುತ್ತವೆ. ನಡೆದಂತೆ ಇನ್ನೂ ಇಳಿಯುತ್ತವೆ, ಹಿಂದೆ ಬಟ್ಟೆ ಜೋಲುತ್ತದೆ, ಕೆಳಗೆ ಬೂಟಿನ ಮೇಲೆ ಮುದ್ದೆಯಾಗುತ್ತದೆ. ಬೆಲ್ಟ್ ಬಿಗಿದಷ್ಟೂ ಹೊಟ್ಟೆ ಮುಂದೆ ಬರುತ್ತದೆಯೇ ಹೊರತು ಪ್ಯಾಂಟ್ ನಿಲ್ಲುವುದಿಲ್ಲ.

ನಾನು ಪ್ಯಾಂಟಿನ ಸೊಂಟದ ಪಟ್ಟಿಯನ್ನು ಹೊಕ್ಕುಳಿಂದ ಒಂದು ಇಂಚು ಕೆಳಗೆ ಕೂಡಿಸುತ್ತೇನೆ. ಟೇಪು ಎರಡು ಸಲ ಹಿಡಿಯಬೇಕು, ನಿಂತಾಗ ಒಮ್ಮೆ, ಕೂತಾಗ ಒಮ್ಮೆ. ಹೊಟ್ಟೆ ಇದ್ದವರಲ್ಲಿ ಎರಡಕ್ಕೂ ಒಂದೂವರೆಯಿಂದ ಎರಡು ಇಂಚು ವ್ಯತ್ಯಾಸ ಬರುವುದು ಸಾಮಾನ್ಯ. ನಿಂತ ಅಳತೆಗೆ ಹೊಲಿದರೆ ಊಟಕ್ಕೆ ಕೂತಾಗ ಗುಂಡಿ ಬಿಚ್ಚಬೇಕು, ಕೂತ ಅಳತೆಗೆ ಹೊಲಿದರೆ ನಿಂತಾಗ ಜಾರುತ್ತದೆ. ನಿಂತ ಅಳತೆಗೆ ಮುಕ್ಕಾಲು ಇಂಚು ಸೇರಿಸಿ, ಪಟ್ಟಿಯ ಎರಡೂ ಪಕ್ಕದ ಒಳಗೆ ಎರಡೆರಡು ಇಂಚು ಎಲಾಸ್ಟಿಕ್ ಕೊಟ್ಟರೆ ಎರಡೂ ಸರಿಹೋಗುತ್ತದೆ. ಹಿಂಭಾಗ ಮುಂಭಾಗಕ್ಕಿಂತ ಒಂದೂವರೆ ಇಂಚು ಎತ್ತರ ಇರಬೇಕು, ಇಲ್ಲದಿದ್ದರೆ ಬಗ್ಗಿದಾಗ ಅಂಗಿ ಹೊರಬರುತ್ತದೆ. ಮುಂದೆ ಎರಡೂ ಕಡೆ ಒಂದೊಂದೇ ಪ್ಲೀಟ್ (ಮಡಿಕೆ), ಬಾಯಿ ಜೇಬಿನ ಕಡೆಗೆ. ಪ್ಲೀಟ್ ಅಂದರೆ ಹಳೇ ಕಾಲದ್ದು ಅಂತ ಮಕ್ಕಳು ಬೇಡ ಅನ್ನುತ್ತಾರೆ. ಕೂತಾಗ ಹೊಟ್ಟೆಗೂ ತೊಡೆಗೂ ಜಾಗ ಕೊಡುವುದು ಅದೇ, ನಾನಂತೂ ಬಿಡುವುದಿಲ್ಲ. ತೊಡೆಗೆ ಮೈ ಅಳತೆಯ ಮೇಲೆ ಮೂರು ಇಂಚು, ಬಾಟಂ ಸುತ್ತಳತೆ 14ರಿಂದ 15 ಇಂಚು. ಹೊಟ್ಟೆ ಬಂದವರಿಗೆ ಕಾಲು ಸಣ್ಣಗಿರುವುದೇ ಹೆಚ್ಚು. 18 ಇಂಚಿನ ಬಾಟಂ ಇಟ್ಟರೆ ಕಾಲು ಇನ್ನೂ ಬಡವಾಗಿ ಕಾಣುತ್ತವೆ. 58 ಇಂಚು ಪನ್ನದ (ಅಗಲದ) ಬಟ್ಟೆ 1.25 ಮೀಟರ್ ಸಾಕು, ಸೀಟು (ಕುಂಡಿಯ ಸುತ್ತಳತೆ) 44 ಇಂಚು ದಾಟಿದವರು 1.40 ತರಬೇಕು.

ಅಂಗಿಯಲ್ಲಿ ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ನಿಲ್ಲಬೇಕು. ಎದೆಗೆ ನಾಲ್ಕು ಇಂಚು, ಹೊಟ್ಟೆಗೆ ಕೂತ ಅಳತೆಯ ಮೇಲೆ ಮೂರರಿಂದ ನಾಲ್ಕು ಇಂಚು ಸಡಿಲ. ಪಕ್ಕದ ಹೊಲಿಗೆಯನ್ನು ಕಂಕುಳಿನಿಂದ ನಿಧಾನಕ್ಕೆ ಹೊರಗೆ ಒಯ್ಯಬೇಕು. ಹೊಟ್ಟೆ ಬಟ್ಟೆಯನ್ನು ಎತ್ತುವುದರಿಂದ ಎಲ್ಲ ಕಡೆ ಒಂದೇ ಉದ್ದ ಕತ್ತರಿಸಿದ ಅಂಗಿ ಮುಂದೆ ಗಿಡ್ಡ ಕಾಣುತ್ತದೆ. ಅದಕ್ಕೆ ಮುಂಭಾಗಕ್ಕೆ ಮುಕ್ಕಾಲು ಇಂಚು ಹೆಚ್ಚಿಡುತ್ತೇನೆ. ಹೊರಗೆ ಬಿಡುವ ಅಂಗಿ ಪ್ಯಾಂಟ್ ಜಿಪ್ಪಿನ ನಡುವಿಗೆ ಮುಗಿಯಬೇಕು, ಒಳಗೆ ಸೇರಿಸುವುದಕ್ಕೆ ಇನ್ನೂ ಮೂರು ಇಂಚು ಬೇಕು. ಕಾಜಾ (ಗುಂಡಿಯ ತೂತು) ಗುರುತು ಹಾಕುವಾಗ ಮೊದಲು ಹೊಟ್ಟೆಯ ಅತಿ ಎತ್ತರದ ಜಾಗಕ್ಕೆ ಒಂದು ಗುಂಡಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಮೂರು ಇಂಚಿಗೊಂದು. ಮೇಲಿನಿಂದ ಎಣಿಸುತ್ತ ಬಂದರೆ ಆ ಎತ್ತರ ಎರಡು ಗುಂಡಿಗಳ ನಡುವೆ ಸಿಕ್ಕಿ ಬನೀನು ಇಣುಕುತ್ತದೆ. ಅರ್ಧ ತೋಳು ಮೊಣಕೈಯಿಂದ ಎರಡು ಇಂಚು ಮೇಲೆ. ದುಂಡು ಮುಖಕ್ಕೆ ಚಿಕ್ಕ ಕಾಲರ್ ಒಪ್ಪುವುದಿಲ್ಲ, ತುದಿ ಎರಡೂಮುಕ್ಕಾಲು ಇಂಚಾದರೂ ಇರಲಿ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮದುವೆಗಳೂ ಆಗಲೇ. ಹತ್ತಿ ತನ್ನ ತೂಕದ ಶೇ. 8ರಷ್ಟು, ಲಿನನ್ ಶೇ. 12ರಷ್ಟು ತೇವ ಹಿಡಿದಿಡುತ್ತದೆ, ಪಾಲಿಯೆಸ್ಟರ್ ಅರ್ಧ ಶೇಕಡಾ ಕೂಡ ಇಲ್ಲ. ಬೆವರು ಮೈಗೇ ಅಂಟಿಕೊಳ್ಳುವುದು ಅದಕ್ಕೇ. 58 ಇಂಚು ಪನ್ನದ ಬಟ್ಟೆ ತುಂಬು ತೋಳಿನ ಅಂಗಿಗೆ 1.60 ಮೀಟರ್ ಅಂತ ಅಂಗಡಿಯವರು ಕೊಡುತ್ತಾರೆ, ಹೊಟ್ಟೆ 44 ಇಂಚು ಇದ್ದರೆ 1.80 ಕೇಳಿ. 36 ಇಂಚು ಪನ್ನದ ಖಾದಿಯಾದರೆ ಎರಡೂಮುಕ್ಕಾಲು ಮೀಟರ್. ಹತ್ತಿ, ಖಾದಿ, ಲಿನನ್ ಯಾವುದಿದ್ದರೂ ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ ಆಮೇಲೆ ಕೊಡಿ. 30 ಇಂಚಿನ ಉದ್ದಕ್ಕೆ ಒಂದೂವರೆ ಇಂಚು ಕುಗ್ಗುವುದುಂಟು.

ಬಣ್ಣದ ವಿಷಯಕ್ಕೆ ನನ್ನ ನಿಲುವು ಸರಳ. ಪ್ಯಾಂಟು ಗಾಢ ನೀಲಿ, ಬೂದು, ಕಂದು. ಅಂಗಿ ತಿಳಿ ನೀಲಿ, ಕೆನೆ ಬಿಳಿ, ತಿಳಿ ಹಸಿರು, ಇಲ್ಲವೇ ಸಣ್ಣ ಗೆರೆ. ಆಗ ಯಾವ ಅಂಗಿಯಾದರೂ ಯಾವ ಪ್ಯಾಂಟಿಗೂ ಕೂಡುತ್ತದೆ. ಹೊಳೆಯುವ ಬಟ್ಟೆ ಮಾತ್ರ ಬೇಡ, ಬೆಳಕು ಹೊಟ್ಟೆಯ ಮೇಲೇ ನಿಲ್ಲುತ್ತದೆ.

ಬೋರ್ ನೀರಿನ ಗಡಸುತನಕ್ಕೆ ಸೋಪು ಬಟ್ಟೆಯಲ್ಲೇ ಉಳಿದು ಬಿಳಿ ಅಂಗಿ ಮಂಕಾಗುತ್ತದೆ. ಕೊನೆಯ ಬಕೆಟ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಜಾಲಿಸಿದರೆ ಬಿಡುತ್ತದೆ. ಕಂಕುಳಿನ ಹಳದಿ ಕಲೆಗೆ ಕ್ಲೋರಿನ್ ಬ್ಲೀಚ್ ಹಾಕಬೇಡಿ, ಕಲೆ ಇನ್ನಷ್ಟು ಹಳದಿಯಾಗುತ್ತದೆ.

ಮದುವೆಗೆ ಸೂಟಿನ ಬದಲು ಬಂದ್‌ಗಲಾ, ಅಂದರೆ ಕತ್ತು ಮುಚ್ಚುವ ಕಾಲರಿನ ಕೋಟು ಹೊಲಿಸಿ. ಟೈ ಬೇಡ, ನೇರ ಗುಂಡಿ ಸಾಲು ಮೈಯನ್ನು ಉದ್ದ ತೋರಿಸುತ್ತದೆ. ಒಳಗೆ ಅರ್ಧ ಲೈನಿಂಗ್ ಸಾಕು, ಅದೂ ಹತ್ತಿಯದು. ಅದಕ್ಕೆ ಬೀದರಿನ ಬಿದ್ರಿ ಗುಂಡಿಗಿಂತ ಚೆಂದದ್ದು ನನಗೆ ಗೊತ್ತಿಲ್ಲ. ಸತು, ತಾಮ್ರದ ಎರಕದ ಮೇಲೆ ಕೆತ್ತಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಕೆಲಸ ಅದು. ಸೋಪಿನ ನೀರಿಗೆ ಆ ಕಪ್ಪು ಮಂಕಾಗುತ್ತದೆ. ಅದಕ್ಕೆ ಗುಂಡಿಯನ್ನು ಹೊಲಿಯುವುದಿಲ್ಲ, ಕಾಜಾ ಮಾಡಿ ಹಿಂದಿನಿಂದ ರಿಂಗು ಹಾಕುತ್ತೇನೆ. ಒಗೆಯಲು ಕೊಡುವಾಗ ಬಿಚ್ಚಿಟ್ಟು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಸಾಕು.

ಟ್ರಯಲ್ ನೋಡದೆ ಬಟ್ಟೆ ಒಯ್ಯಬೇಡಿ. ಬರುವಾಗ ದಿನಾ ಹಾಕುವ ಬೂಟು ಇಲ್ಲವೇ ಚಪ್ಪಲಿ ಹಾಕಿ ಬನ್ನಿ, ಪ್ಯಾಂಟಿನ ಉದ್ದ ಅದರ ಮೇಲೇ ನಿಲ್ಲುತ್ತದೆ. ಜೇಬಿಗೆ ಮೊಬೈಲು, ಪಾಕೀಟು ಇಟ್ಟು ಕೂತು ಏಳಿ, ಎರಡೂ ಕೈ ಮೇಲೆತ್ತಿ. ಕಾಲರ್ ಗುಂಡಿ ಹಾಕಿದಾಗ ಒಳಗೆ ಎರಡು ಬೆರಳು ಹೋಗಬೇಕು. ಮೊದಲ ಸಲ ಒಂದು ಪ್ಯಾಂಟು, ಒಂದು ಅಂಗಿ ಮಾತ್ರ ಹೊಲಿಸಿ, ನಾಲ್ಕು ಸಲ ಒಗೆದು ಹಾಕಿ ನೋಡಿ, ಉಳಿದ ಪೀಸುಗಳನ್ನು ಆಮೇಲೆ ಅದೇ ಅಳತೆಗೆ ಕೊಡಿ.