ಎಲ್ಲ ಮಕ್ಕಳೂ ಆಡುವ ನಾಟಕ: ಸಮನ್ವಯ ರಂಗತಂಡವನ್ನು ಕಟ್ಟುವ ಬಗೆ

ವಿಶೇಷ ಅಗತ್ಯಗಳುಳ್ಳ ಮಕ್ಕಳನ್ನು ನಾಟಕಕ್ಕೆ ಸೇರಿಸಿಕೊಂಡಾಗಲೂ ಅವರ ಪಾಲಿಗೆ ಬರುವುದು ಹೆಚ್ಚಾಗಿ ಮರದ ಪಾತ್ರ, ಬಂಡೆಯ ಪಾತ್ರ ಅಥವಾ ಕೊನೆಯ ದೃಶ್ಯದಲ್ಲಿ ಎಲ್ಲರ ಜೊತೆ ನಿಂತು ಕೈಬೀಸುವ ಪಾತ್ರ. ನಾಟಕ ಮೊದಲೇ ನಿಗದಿಯಾಗಿರುತ್ತದೆ, ಸಂಭಾಷಣೆಯೂ ರಂಗಚಲನೆಯೂ ತೀರ್ಮಾನವಾಗಿರುತ್ತವೆ, ಉಳಿದ ಮೂಲೆಯೊಂದರಲ್ಲಿ ಮಗುವನ್ನು ನಿಲ್ಲಿಸಲಾಗುತ್ತದೆ. ಈ ಕ್ರಮವನ್ನು ತಿರುಗಿಸಿ, ತಂಡದಲ್ಲಿ ಯಾರಿದ್ದಾರೆ ಎಂಬುದನ್ನು ತಿಳಿದ ಮೇಲೆಯೇ ಯಾವ ನಾಟಕ ಎಂಬುದನ್ನು ನಿರ್ಧರಿಸಬೇಕು. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ನಿಯಮದಿಂದಲೇ ಹೊರಡುತ್ತವೆ.

ಉದ್ದೇಶದ ವಿಷಯದಲ್ಲಿಯೂ ಸ್ಪಷ್ಟತೆ ಬೇಕು. ರಂಗಭೂಮಿಯಿಂದ ಮಾತು ಬೆಳೆಯಬಹುದು, ಆತ್ಮವಿಶ್ವಾಸ ಹೆಚ್ಚಬಹುದು, ಗೆಳೆತನ ಕೂಡಬಹುದು. ಆದರೆ ತಂಡವನ್ನು ಚಿಕಿತ್ಸೆಯೆಂದು ಭಾವಿಸಿ ನಡೆಸಿದರೆ ಮಕ್ಕಳು ನಟರಾಗಿ ಉಳಿಯದೆ ರೋಗಿಗಳಾಗಿಬಿಡುತ್ತಾರೆ. 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯು, ಅವರ ಸೃಜನಶೀಲ ಸಾಮರ್ಥ್ಯ ಬೆಳೆಯಲು ಅವಕಾಶವಿರಬೇಕಾದದ್ದು ಅವರ ಹಿತಕ್ಕಾಗಿ ಮಾತ್ರವಲ್ಲ, ಸಮಾಜದ ಸಮೃದ್ಧಿಗಾಗಿ ಕೂಡ ಎಂದು ಹೇಳುತ್ತದೆ. ಈ ಎರಡನೆಯ ಮಾತನ್ನು ನಿರ್ದೇಶಕರು ಮರೆಯಬಾರದು. ಈ ಮಕ್ಕಳು ವೇದಿಕೆಗೆ ತರುವುದನ್ನು ಬೇರೆ ಯಾರೂ ತರಲಾರರು.

ತಂಡವನ್ನು ಸೇರಿಸುವಾಗ

ಆಯ್ಕೆ ಪರೀಕ್ಷೆಯನ್ನು ಕೈಬಿಡಿ. ಲಂಡನ್ನಿನಲ್ಲಿ 1974ರಲ್ಲಿ ಆರಂಭವಾದ ಚಿಕನ್‌ಶೆಡ್ ಸಂಸ್ಥೆಯು ಅಂಗವೈಕಲ್ಯ ಇರುವ ಮತ್ತು ಇಲ್ಲದ ಮಕ್ಕಳನ್ನು ಒಟ್ಟಿಗೆ ಸೇರಿಸಿಕೊಂಡು ನಾಟಕ ಮಾಡುತ್ತ ಬಂದಿದೆ. ಬಂದವರಿಗೆಲ್ಲ ಬಾಗಿಲು ತೆರೆದಿರುವುದೇ ಅದರ ತಳಹದಿ. ಹೊಸದಾಗಿ ಆರಂಭಿಸುವವರು ಹನ್ನೆರಡರ ಆಸುಪಾಸಿನ ಗುಂಪಿನಿಂದ ಶುರುಮಾಡಿ, ಮೂರು ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ಹೆಚ್ಚು ನೆರವು ಬೇಕಾದವರು ಇದ್ದಲ್ಲಿ ಈ ಸಂಖ್ಯೆಯೂ ಸಾಲದು.

ಮೊದಲ ತಾಲೀಮಿಗೆ ಮುನ್ನ ಪ್ರತಿಯೊಬ್ಬರೊಂದಿಗೂ ಅರ್ಧ ಗಂಟೆ ಕುಳಿತು ಮಾತಾಡಬೇಕು. ಪ್ರಶ್ನೆಗಳನ್ನು ಮೊದಲು ಮಗುವಿಗೇ ಕೇಳಿ, ಆನಂತರ ಮನೆಯವರಿಗೆ ಕೇಳಿ. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಎಂಬ ಹೆಸರುಗಳಷ್ಟರಿಂದ ನಿರ್ದೇಶಕರಿಗೆ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಒಂದೇ ಹೆಸರು ಹೊತ್ತ ಇಬ್ಬರು ಮಕ್ಕಳು ಒಂದೇ ಬಗೆಯಾಗಿ ಇರುವುದಿಲ್ಲ. ತಿಳಿಯಬೇಕಾದ ಸಂಗತಿಗಳು ಬೇರೆಯೇ ಇವೆ: ಹೌದು ಮತ್ತು ಬೇಡ ಎಂಬುದನ್ನು ಈ ಮಗು ಹೇಗೆ ಹೇಳುತ್ತದೆ, ಯಾವ ಸದ್ದು ಅಥವಾ ಯಾವ ಬೆಳಕು ಹಿಂಸೆಯಾಗುತ್ತದೆ, ಮುಟ್ಟಿದರೆ ಹೇಗೆನಿಸುತ್ತದೆ, ಆಯಾಸವಾದದ್ದು ಯಾವ ಲಕ್ಷಣದಿಂದ ಗೊತ್ತಾಗುತ್ತದೆ, ಏನು ಸಿಕ್ಕರೆ ಮುಖ ಅರಳುತ್ತದೆ. ಉತ್ತರಗಳನ್ನೆಲ್ಲ ಒಂದೇ ಪುಟದಲ್ಲಿ ಬರೆದು, ಮನೆಯವರ ಒಪ್ಪಿಗೆ ಪಡೆದು, ತಂಡದ ದೊಡ್ಡವರೆಲ್ಲರೂ ಓದಿರಬೇಕು. ಔಷಧ ಮತ್ತು ಮೂರ್ಛೆಯ ವಿವರಗಳೂ ಅದರಲ್ಲೇ ಇರಲಿ. ಮೂರ್ಛೆ ಬಂದಾಗ ಬಾಯಿಗೆ ಏನನ್ನೂ ತುರುಕಬಾರದು, ಅದುಮಿ ಹಿಡಿಯಬಾರದು, ತಲೆಗೆ ಪೆಟ್ಟಾಗದಂತೆ ಮೆತ್ತನೆಯದೇನನ್ನಾದರೂ ಇಟ್ಟು ಗಡಿಯಾರ ನೋಡಬೇಕು; ಐದು ನಿಮಿಷ ಮೀರಿದರೆ ತುರ್ತು ವೈದ್ಯಕೀಯ ನೆರವನ್ನು ಕರೆಯಲೇಬೇಕು.

ಜಾಗವನ್ನು ಹೀಗೆ ನೋಡಿ

ಗಾಲಿಕುರ್ಚಿಗೆ ಸುಮಾರು 90 ಸೆಂಟಿಮೀಟರ್ ಅಗಲದ ಬಾಗಿಲು, ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಸಾಮಾನ್ಯ ಲೆಕ್ಕ. ಹಲವು ರಂಗಮಂದಿರಗಳಲ್ಲಿ ಪ್ರೇಕ್ಷಕರ ಬಾಗಿಲಿಗೆ ಇಳಿಜಾರು ಇರುತ್ತದೆ, ವೇದಿಕೆಗೆ ಮಾತ್ರ ಮೆಟ್ಟಿಲೇ ಗತಿ. ಗಾಲಿಕುರ್ಚಿಯಲ್ಲಿ ಬರುವವರು ನೋಡಲು ಬರುತ್ತಾರೆ, ಆಡಲು ಬರುವುದಿಲ್ಲ ಎಂದು ಕಟ್ಟಿದವರು ಭಾವಿಸಿದ್ದರ ಗುರುತು ಅದು. ಅಂಥ ಕಡೆ ನಟರನ್ನು ಎತ್ತಿ ವೇದಿಕೆಗೆ ಒಯ್ಯಬೇಡಿ. ವೇದಿಕೆಯನ್ನೇ ಬಿಟ್ಟು ಸಮತಟ್ಟಾದ ನೆಲದಲ್ಲಿ, ಸುತ್ತ ಪ್ರೇಕ್ಷಕರನ್ನು ಕೂರಿಸಿ ಆಡಿ. ನೇಪಥ್ಯದ ದಾರಿಯನ್ನೂ ಶೌಚಾಲಯವನ್ನೂ ಮೊದಲೇ ಪರೀಕ್ಷಿಸಿ. ತಾಲೀಮಿನ ಕೋಣೆಯ ಪಕ್ಕದಲ್ಲಿ ಮಂದ ಬೆಳಕಿನ ಒಂದು ನಿಶ್ಶಬ್ದ ಮೂಲೆ ಇರಬೇಕು. ಅಲ್ಲಿಗೆ ಹೋಗಲು ಯಾರ ಅನುಮತಿಯೂ ಬೇಕಿಲ್ಲ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿರಬೇಕು.

ತಾಲೀಮಿನ ದಿನಚರಿ

ಒಂದು ಗಂಟೆಯಿಂದ ಒಂದೂವರೆ ಗಂಟೆಯ ಅವಧಿ, ನಡುವೆ ಒಂದು ವಿರಾಮ ಸಾಕು. ಪ್ರತಿ ಸಲವೂ ಅದೇ ಆಟದಿಂದ ಆರಂಭಿಸಿ ಅದೇ ಹಾಡಿನಿಂದ ಮುಗಿಸಿ. ಅಂಚುಗಳು ಬದಲಾಗದೆ ಇದ್ದರೆ ನಡುವಿನ ಹೊಸತನ್ನು ಎದುರಿಸುವ ಧೈರ್ಯ ಬರುತ್ತದೆ. ಆ ದಿನ ಮಾಡುವ ಕೆಲಸಗಳನ್ನು ಚಿತ್ರಗಳಾಗಿ ಗೋಡೆಗೆ ಸಾಲಾಗಿ ಅಂಟಿಸಿ, ಮುಗಿದದ್ದನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಸೂಚನೆಗಳನ್ನು ಒಂದಾದ ಮೇಲೊಂದರಂತೆ ಕೊಟ್ಟು, ಬಾಯಲ್ಲಿ ಹೇಳಿದ್ದನ್ನು ಮಾಡಿಯೂ ತೋರಿಸಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಿರಿ. ಅಷ್ಟು ಹೊತ್ತು ಸುಮ್ಮನಿರುವುದು ದೊಡ್ಡವರಿಗೆ ಬಹಳ ಕಷ್ಟ, ಆದರೆ ಉತ್ತರವು ಎಂಟನೆಯ ಅಥವಾ ಒಂಬತ್ತನೆಯ ಎಣಿಕೆಯಲ್ಲಿ ಬರುವುದೂ ಉಂಟು.

ಮೂಲೆಯಲ್ಲಿ ಕುಳಿತು ನೋಡುವ ಮಗುವನ್ನು ಕೈಹಿಡಿದು ಎಳೆಯಬೇಡಿ. ಮೂರು ವಾರ ಬರಿದೆ ನೋಡಿದವಳು ನಾಲ್ಕನೆಯ ವಾರ ಎದ್ದು ಬಂದು ಇಡೀ ದೃಶ್ಯವನ್ನು ಒಪ್ಪಿಸಬಹುದು. ನೋಡುವುದೂ ತಾಲೀಮಿನ ಒಂದು ಭಾಗ.

ಜೊತೆಗಾರರು ಯಾರು, ನೋಡಿಕೊಳ್ಳುವವರು ಯಾರು

ಸಮನ್ವಯ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ತಂಡದಲ್ಲಿ ಅಂಗವೈಕಲ್ಯ ಇಲ್ಲದ ಮಕ್ಕಳೂ ಇದ್ದಾಗ, ಎರಡನೆಯ ವಾರದ ಹೊತ್ತಿಗೆ ಅವರು ಕೈಹಿಡಿದು ನಡೆಸುವವರೂ ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡಿಕೊಡುವವರೂ ಆಗಿಬಿಡುತ್ತಾರೆ. ದೊಡ್ಡವರು ಅದನ್ನು ಕಂಡು ಮೆಚ್ಚುತ್ತಾರೆ, ಮೆಚ್ಚುಗೆ ಸಿಕ್ಕಿದ ನಡತೆ ಗಟ್ಟಿಯಾಗುತ್ತದೆ, ಕೊನೆಗೆ ಒಂದೇ ತಂಡದೊಳಗೆ ಕೊಡುವವರು ಮತ್ತು ಪಡೆಯುವವರು ಎಂಬ ಎರಡು ಜಾತಿಗಳು ಹುಟ್ಟುತ್ತವೆ. ಕೆಟ್ಟ ಮನಸ್ಸಿನಿಂದ ಹುಟ್ಟಿದ್ದಲ್ಲವಾದ್ದರಿಂದ ಇದನ್ನು ತಡೆಯುವುದು ಇನ್ನೂ ಕಷ್ಟ.

ತಡೆಯುವ ದಾರಿಗಳಿವೆ. ಶೌಚ, ಆಹಾರ, ಗಾಲಿಕುರ್ಚಿ ತಳ್ಳುವುದು ಇತ್ಯಾದಿ ಆರೈಕೆಯನ್ನು ದೊಡ್ಡವರೇ ವಹಿಸಿಕೊಳ್ಳಬೇಕು, ಅದನ್ನು ಸಹನಟರಿಗೆ ಬಿಡಬಾರದು. ಗಾಲಿಕುರ್ಚಿಯು ಅದರಲ್ಲಿ ಕುಳಿತವರ ದೇಹದ ಭಾಗವಿದ್ದಂತೆ, ಕೇಳದೆ ಯಾರೂ ಮುಟ್ಟಬಾರದು ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಇಬ್ಬರೂ ಇಲ್ಲದೆ ನಡೆಯದಂಥ ಆಟಗಳನ್ನು ಆರಿಸಿ: ಇಬ್ಬರ ಅಂಗೈಗಳ ನಡುವೆ ಒಂದು ಕೋಲನ್ನು ಒತ್ತಿ ಹಿಡಿದು ಬೀಳದಂತೆ ಕೋಣೆಯೆಲ್ಲ ಸುತ್ತುವುದು ಅಂಥದೊಂದು. ಕನ್ನಡಿಯಾಟದಲ್ಲಿ ಅತಿ ನಿಧಾನವಾಗಿ ಚಲಿಸುವ ಮಗುವನ್ನು ಮುಂದಾಳಾಗಿಸಿ, ಉಳಿದವರು ಆ ವೇಗಕ್ಕೆ ತಮ್ಮ ಮೈಯನ್ನು ಒಗ್ಗಿಸುವಂತೆ ಮಾಡಿ. ಮಾತಿಲ್ಲದ ದೃಶ್ಯವನ್ನು ಕಿವಿ ಕೇಳದ ಹುಡುಗಿಯೇ ಎಲ್ಲರಿಗೂ ಕಲಿಸಲಿ, ಸಂಜ್ಞೆಗಳಲ್ಲಿ ಆಕೆಯೇ ಗುರು. ನಿರ್ದೇಶಕರು ಮೆಚ್ಚುವುದಾದರೆ ನಟನೆಯನ್ನು ಮೆಚ್ಚಲಿ, ಉಪಕಾರವನ್ನು ಮೆಚ್ಚದಿರಲಿ. ತಿದ್ದುವಾಗಲೂ ಭೇದ ಬೇಡ. ಡೌನ್ ಸಿಂಡ್ರೋಮ್ ಇರುವ ಹುಡುಗ ಪ್ರವೇಶವನ್ನು ಬೇಗ ಮಾಡಿದರೆ, ಬೇಗವಾಯಿತು, ಇನ್ನೊಮ್ಮೆ ಮಾಡು ಎಂದು ಹೇಳಿ; ಎಲ್ಲದಕ್ಕೂ ಚೆನ್ನಾಗಿತ್ತು ಎನ್ನುವುದು ಅವನನ್ನು ನಟನೆಂದು ಪರಿಗಣಿಸದೆ ಇರುವುದರ ಲಕ್ಷಣ.

ಮಕ್ಕಳು ತಂದದ್ದರಿಂದ ನಾಟಕ

ಆಸ್ಟ್ರೇಲಿಯಾದ ಜೀಲಾಂಗ್ ನಗರದಲ್ಲಿ 1987ರಲ್ಲಿ ಹುಟ್ಟಿದ ಬ್ಯಾಕ್ ಟು ಬ್ಯಾಕ್ ಥಿಯೇಟರ್ ತಂಡದಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರೆಂದು ಗುರುತಿಸಲಾಗುವ ನಟರೇ ನಾಟಕಗಳ ಸಹಕರ್ತೃಗಳು. ಸ್ಥಳದಲ್ಲೇ ಹೊಳೆದಂತೆ ಆಡುವ ಅಭಿನಯ, ಸಂಭಾಷಣೆ, ಚರ್ಚೆಗಳಿಂದ ಅವರ ನಾಟಕಗಳು ನಿಧಾನವಾಗಿ ಕೂಡಿಬರುತ್ತವೆ. ಎಳೆಯರ ತಂಡಕ್ಕೂ ಇದೇ ದಾರಿ ಒಪ್ಪುತ್ತದೆ. ಒಬ್ಬ ಹುಡುಗ ರೈಲು ನಿಲ್ದಾಣದ ಘೋಷಣೆಗಳನ್ನು ದಿನವಿಡೀ ಹೇಳುತ್ತಿರುತ್ತಾನೆ ಎಂದಿಟ್ಟುಕೊಳ್ಳಿ. ಅದನ್ನು ನಿಲ್ಲಿಸಲು ಹೊರಡದೆ, ನಿಲ್ದಾಣದಲ್ಲಿಯೇ ನಡೆಯುವ ನಾಟಕವೊಂದನ್ನು ಕಟ್ಟಿ. ಅವನ ಘೋಷಣೆಯೇ ಒಂದು ದೃಶ್ಯವನ್ನು ಮುಗಿಸಿ ಇನ್ನೊಂದನ್ನು ತೆರೆಯಲಿ, ಯಾರು ಬರಬೇಕು ಯಾರು ಹೊರಡಬೇಕು ಎಂಬುದನ್ನು ಅವನೇ ನಿರ್ಧರಿಸಲಿ. ತಡೆತಡೆದು ಮಾತಾಡುವ ಹುಡುಗಿಗೆ, ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕಾದ ಸುದ್ದಿಯನ್ನು ತರುವ ಪಾತ್ರ ಕೊಡಿ. ಆಗ ಆ ವಿಳಂಬವೇ ದೃಶ್ಯದ ಬಿಗಿಯಾಗುತ್ತದೆ.

ಸಂಭಾಷಣೆಯನ್ನು ಅಕ್ಷರಶಃ ಬಾಯಿಪಾಠ ಮಾಡಿಸುವ ಹಟ ಬೇಡ, ಪ್ರತಿ ದೃಶ್ಯಕ್ಕೂ ಒಂದೆರಡು ಕೀಲಿಮಾತುಗಳು ಸಾಕು. ಮಾತಾಡದ ಮಕ್ಕಳ ಸಂಭಾಷಣೆಯನ್ನು ಗುಂಡಿ ಒತ್ತಿದರೆ ನುಡಿಯುವ ಸಾಧನಗಳಲ್ಲಿ ಮೊದಲೇ ತುಂಬಿಡಬಹುದು. ಯಾವ ಗಳಿಗೆಯಲ್ಲಿ ಒತ್ತಬೇಕು ಎಂಬ ನಿರ್ಧಾರ ಮಾತ್ರ ನಟನದೇ ಆಗಿರಬೇಕು. ಮರೆತಾಗ ನೆನಪಿಸುವವರು ಪರದೆಯ ಹಿಂದೆ ಅಡಗಿರದೆ, ಮೇಳದ ಒಬ್ಬರಾಗಿ ಕಥೆಯೊಳಗೇ ಇದ್ದರೆ ತಪ್ಪೂ ನಾಟಕದಲ್ಲಿ ಬೆರೆತುಹೋಗುತ್ತದೆ. ಪ್ರತಿ ಪಾತ್ರದ ಚಲನೆಯನ್ನೂ ಇನ್ನೊಬ್ಬರು ಬಲ್ಲವರಾಗಿರಲಿ, ಆ ದಿನ ಯಾರಿಗಾದರೂ ಆಗದೆ ಹೋಗಬಹುದು. ಕೊನೆಯಲ್ಲಿ ಕುಂಟನು ನಡೆಯುವ, ಕುರುಡನಿಗೆ ಕಣ್ಣು ಬರುವ ಕಥೆಗಳನ್ನು ದಯವಿಟ್ಟು ಆರಿಸಬೇಡಿ. ಇರುವಂತೆಯೇ ಇದ್ದರೆ ಸಾಲದು ಎಂಬುದನ್ನು ಆ ಮಕ್ಕಳ ಬಾಯಿಂದಲೇ ಹೇಳಿಸಿದಂತಾಗುತ್ತದೆ.

ಪ್ರದರ್ಶನಕ್ಕೆ ಸಿದ್ಧತೆ

ವೇಷಭೂಷಣ, ಪ್ರಸಾಧನ, ಬೆಳಕು, ಧ್ವನಿ ಇವೆಲ್ಲವನ್ನೂ ಕೊನೆಯ ದಿನ ಒಟ್ಟಿಗೆ ತರುವ ರೂಢಿ ಈ ತಂಡಗಳಿಗೆ ಅಪಾಯಕಾರಿ. ಬಟ್ಟೆಯನ್ನು ಒಂದು ತಿಂಗಳು ಮೊದಲೇ ಕೊಟ್ಟುಬಿಡಿ, ಕೆಲವರಿಗೆ ಒಂದು ಹೊಲಿಗೆಯ ಗೆರೆಯೇ ಚರ್ಮಕ್ಕೆ ಸಹಿಸದಂಥದ್ದಾಗಿರುತ್ತದೆ. ಉಳಿದವುಗಳನ್ನು ವಾರಕ್ಕೊಂದರಂತೆ ಪರಿಚಯಿಸಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವ ಬೆಳಕು ಮೂರ್ಛೆಗೆ ಕಾರಣವಾಗಬಲ್ಲದಾದ್ದರಿಂದ ಅಂಥದ್ದನ್ನು ಪೂರ್ತಿಯಾಗಿ ಬಿಡಿ.

ಸಂಜ್ಞಾಭಾಷೆ, ದೃಶ್ಯ ವಿವರಣೆ, ಮಾತನ್ನು ಓದಲು ತೋರಿಸುವ ಬರಹದ ಸಾಲುಗಳು ನಾಟಕ ಕಟ್ಟಿ ಮುಗಿದ ಮೇಲೆ ಅಂಟಿಸುವ ಸೌಲಭ್ಯಗಳಲ್ಲ ಎಂಬುದನ್ನು ಬ್ರಿಟನ್ನಿನಲ್ಲಿ 1980ರಲ್ಲಿ ಆರಂಭವಾದ ಗ್ರೇಯೈ ತಂಡವು ತನ್ನ ಪ್ರಯೋಗಗಳಲ್ಲಿ ತೋರಿಸಿದೆ. ಸಂಜ್ಞಾಭಾಷೆಗೆ ಅನುವಾದಿಸುವವರನ್ನು ಪಕ್ಕದ ಕಂಬದ ಬಳಿ ನಿಲ್ಲಿಸದೆ ಪಾತ್ರವಾಗಿಸಿ ದೃಶ್ಯದ ನಡುವೆ ತನ್ನಿ. ಕಣ್ಣು ಕಾಣದವರಿಗೆ ಬೇಕಾದ ವಿವರವನ್ನು ಕಥೆ ಹೇಳುವವನ ಬಾಯಲ್ಲಿಡಿ. ಪ್ರೇಕ್ಷಾಗೃಹವನ್ನು ಪೂರ್ತಿ ಕತ್ತಲಾಗಿಸದೆ, ಧ್ವನಿಯನ್ನು ತಗ್ಗಿಸಿ, ಎದ್ದು ಓಡಾಡಲು ಅವಕಾಶ ಕೊಡುವ ಪ್ರದರ್ಶನಗಳು ಈಗ ಹಲವು ಕಡೆ ನಡೆಯುತ್ತಿವೆ. ನ್ಯೂಯಾರ್ಕಿನ ಹೆಸರಾಂತ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯಲ್ಲಿಯೂ 2011ರಲ್ಲಿ ಆಟಿಸಂ ಇರುವ ಪ್ರೇಕ್ಷಕರಿಗಾಗಿ ಹೀಗೆ ಮಾರ್ಪಡಿಸಿದ ಪ್ರದರ್ಶನ ನಡೆಯಿತು. ನಿಮ್ಮ ತಂಡದ ಎಲ್ಲ ಪ್ರದರ್ಶನಗಳೂ ಹಾಗೆಯೇ ಇರಲಿ, ಏಕೆಂದರೆ ನಟರ ಗೆಳೆಯರೇ ಪ್ರೇಕ್ಷಕರಾಗಿ ಬರುತ್ತಾರೆ.

ಪರದೆ ಇಳಿದ ಮರುವಾರ

ತಿಂಗಳುಗಟ್ಟಲೆ ನಡೆದ ತಾಲೀಮು ಒಮ್ಮೆಲೇ ನಿಂತರೆ, ಬದಲಾವಣೆಯನ್ನು ಸಹಿಸಲು ಕಷ್ಟಪಡುವ ಮಕ್ಕಳಿಗೆ ಅದು ಗೆಲುವಿನ ಬದಲು ಅಗಲಿಕೆಯಾಗುತ್ತದೆ. ಆದ್ದರಿಂದ ಪ್ರದರ್ಶನದ ಮರುವಾರವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಸೇರಿ. ಯಾವುದು ಹಿಡಿಸಿತು, ಯಾವುದು ಬೇಡವಾಗಿತ್ತು ಎಂದು ಚಿತ್ರಗಳನ್ನು ಮುಂದಿಟ್ಟು ನಟರನ್ನೇ ಕೇಳಿ. ಮನೆಯವರ ಅಭಿಪ್ರಾಯವನ್ನು ಬೇರೆ ದಿನ ಕೇಳಿದರಾಯಿತು. ಬೆಳಕು ನಿರ್ವಹಿಸಬೇಕು ಎನ್ನುವವರಿಗೆ, ಇನ್ನೊಬ್ಬರಿಗೆ ನಿರ್ದೇಶನ ಕೊಡಬೇಕು ಎನ್ನುವವರಿಗೆ ಮುಂದಿನ ನಾಟಕದಲ್ಲಿ ಆ ಕೆಲಸವನ್ನೇ ವಹಿಸಿ. ಆ ಭೇಟಿ ಮುಗಿಯುವ ಮುನ್ನ, ಮತ್ತೆ ಸೇರುವ ದಿನಾಂಕವನ್ನು ಗೋಡೆಯ ಚಿತ್ರಸಾಲಿನ ಕೊನೆಯಲ್ಲಿ ಅಂಟಿಸಿ.